ನೀರು ನೋಡುವ ಮೇಷ್ಟ್ರು

ಕಡೂರಿನ ನಮ್ಮ ಬೀದಿಯಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ಯಾರ ಮನೆಗೆ ಹೋದರೂ ಮೊದಲು ನಲ್ಲಿ ತಿರುಗಿಸಿ, ಜೇಬಿನಲ್ಲಿದ್ದ ಪುಟ್ಟ ಬಾಟಲಿಗೆ ನೀರು ಹಿಡಿದು, ನಾಲ್ಕು ಹನಿ ಸೋಪಿನ ನೀರು ಬಿಟ್ಟು ಅಲ್ಲಾಡಿಸುವರು. ನೊರೆ ಏಳದೆ ಮಜ್ಜಿಗೆಯಂತೆ ಕದಡಿದರೆ, "ಗಡಸು ನೀರು ಕಣ್ರೀ" ಎನ್ನುವರು. ವಾದಕ್ಕೆ ನಿಂತವರ ಕೈಗೆ ಬಾಟಲಿ ಕೊಟ್ಟು, "ಮೊದ್ಲು ಅಲ್ಲಾಡ್ಸು, ಆಮೇಲೆ ಮಾತಾಡು" ಎನ್ನುವರು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಅಳುವುದು ಕೇಳಿ ನಾನೂ ಮೇಷ್ಟ್ರೂ ಓಡಿದೆವು. ಅವರ ಯಜಮಾನರು ಕಿಡ್ನಿ ಕೆಟ್ಟು ತೀರಿಕೊಂಡು ಎರಡು ವರ್ಷವಾಗಿತ್ತು. ಫಿಲ್ಟರ್ ಮಾರಲು ಬಂದವನೊಬ್ಬ ನಲ್ಲಿ ನೀರಿಗೆ ಕರೆಂಟಿನ ಕಂಬಿ ಇಳಿಸಿದ್ದ. ನೀರು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಲೋಟದಲ್ಲಿ ಅವನ ಫಿಲ್ಟರ್ ನೀರು ಅದೇ ಕಂಬಿ ಇಳಿಸಿದರೂ ತಿಳಿಯಾಗಿಯೇ ಇತ್ತು.

"ಈ ವಿಷಾನೇ ನಿಮ್ಮ ಯಜಮಾನ್ರಿಗೆ ಕುಡಿಸಿದ್ರಿ" ಅಂದಿದ್ದನಂತೆ. ಆ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮೇಷ್ಟ್ರು ಅವನ ಫಿಲ್ಟರ್ ನೀರಿಗೇ ಚಿಟಿಕೆ ಉಪ್ಪು ಹಾಕಿ, "ಈಗ ಇಳ್ಸೋ ಕಂಬಿ!" ಎಂದು ಅಬ್ಬರಿಸಿದರು. ಅದೂ ಕೆಸರಾಯಿತು.

"ನೀರಲ್ಲಿ ಉಪ್ಪಿನಂಶ ಇದ್ರೆ ಕರೆಂಟ್ ಹರಿಯುತ್ತೆ, ಕರಗಿದ್ದು ನಿನ್ನ ಕಂಬಿಯ ಕಬ್ಬಿಣ ಕಣೋ! ನಲ್ಲಿ ನೀರು ಗಡಸು, ನಿಜ. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಅಷ್ಟಕ್ಕೇ ಗಂಡನ್ನ ಕಳ್ಕೊಂಡೋರ ಮೇಲೆ ಕೊಲೆ ಹೊರಿಸ್ತೀಯಾ? ತಪ್ಪಾಯ್ತು ಅನ್ನು!"

ಅವನು ತಪ್ಪಾಯ್ತು ಎಂದು ಗೊಣಗಿ ಜಾಗ ಖಾಲಿ ಮಾಡಿದ.

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅವ್ನು ಇವತ್ತು ಅಂದ ಮೇಷ್ಟ್ರೇ. ನಾನು ಎರಡು ವರ್ಷದಿಂದ ಹಂಗೇ ಅಂದ್ಕೊಂಡು ಬದುಕಿದೀನಿ."