ಗೋಡೆಯ ಸಹಿ, ಗಾಳಿಮಾಮನ ಕೈ

ಗಾಳಿಮಾಮನನ್ನು ನಾನು ಮೊದಲು ಕಂಡ ದಿನ ಅವರು ಮೋಟು ಸ್ಟೂಲಿನ ಮೇಲೆ ಕುಳಿತು, ಮೊಣಕಾಲುಗಳ ನಡುವೆ ಫುಟ್‌ಬಾಲೊಂದನ್ನು ಅವುಚಿಕೊಂಡು, ಪಂಪಿನಿಂದ ಗಾಳಿ ತುಂಬುತ್ತಿದ್ದರು. ಮೈದಾನದ ಮೆಟ್ಟಿಲುಸಾಲಿನ ಕೆಳಗೆ ಕ್ಲಬ್ಬಿನ ಸಾಮಾನಿನ ಕೋಣೆ. ಕಿಟಕಿಯಿಲ್ಲ. ಒಂದು ಕಡೆ ಬೂಟುಗಳು ಜೋಡಿಜೋಡಿಯಾಗಿ ಮೊಳೆಗಳಿಗೆ ತೂಗಿದ್ದವು. ಇನ್ನೊಂದು ಕಡೆ ಒಗೆದು ಮಡಚಿದ ಅಂಗಿಗಳು, ನಂಬರು ಮೇಲೆ ಕಾಣುವಂತೆ. ಚರ್ಮಕ್ಕೆ ಹಚ್ಚುವ ಎಣ್ಣೆ ಮತ್ತು ಒದ್ದೆ ಕಾಲುಚೀಲ, ಎರಡರ ವಾಸನೆಯೂ ಬೆರೆತು ಮೂಗಿಗೆ ಗುದ್ದಿದಂತಾಯಿತು.

"ಬಾಗ್ಲಲ್ಲೇ ನಿಂತ್ಕೊಳ್ಳಿ," ಎಂದರು ತಲೆಯೆತ್ತದೆ. "ಒಳಗೆ ಬಂದೋರು ಏನಾದ್ರೂ ಮುಟ್ತಾರೆ. ಮುಟ್ಟಿದೋರು ಎಲ್ಲೋ ಇಡ್ತಾರೆ. ಆಮೇಲೆ ನಾನು ಹುಡುಕ್ತಾ ಸಾಯ್ಬೇಕು."

ನಾನಾಗ ಶಾಲೆಗೆ ಹೊಸ ಮೇಷ್ಟ್ರು. ಶಾಲೆಯ ಆಟೋಟದ ಮೊದಲ ಬಹುಮಾನಕ್ಕೆ 'ಗೋಡೆ' ಸಹಿ ಹಾಕಿದ ಒಂದು ಚೆಂಡು ಬೇಕಾಗಿತ್ತು. ಗೋಡೆ ಎಂದರೆ ಕ್ಲಬ್ಬಿನ ಗೋಲ್‌ಕೀಪರ್. ಅವರನ್ನು ದಾಟಿ ಚೆಂಡು ಒಳಗೆ ಹೋಗುವುದು ಅಪರೂಪವಾದ್ದರಿಂದ ಆ ಹೆಸರು. ನಾನು ಬಂದ ಕೆಲಸ ಹೇಳಿದೆ.

"ನಾಳೆ ಇದೇ ಹೊತ್ತಿಗೆ ಬನ್ನಿ ಮೇಷ್ಟ್ರೇ. ಹಾಕ್ಸಿ ಇಟ್ಟಿರ್ತೀನಿ."

ಮರುದಿನ ಚೆಂಡು ಸಿಕ್ಕಿತು. ಗುಂಡಗಿನ ಅಕ್ಷರ, ಕೊನೆಯಲ್ಲಿ ಒಂದು ಸೊಗಸಾದ ಸುಳಿ. ಅದು ಎಷ್ಟು ಚೆನ್ನಾಗಿತ್ತೆಂದರೆ ಹೆಡ್‌ಮಾಸ್ತರರು ಅದನ್ನು ಬಹುಮಾನವಾಗಿ ಕೊಡಲು ಒಪ್ಪದೆ ತಮ್ಮ ಕೋಣೆಯ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಓಟದಲ್ಲಿ ಮೊದಲು ಬಂದವನಿಗೆ ಕಂಪಾಸ್ ಪೆಟ್ಟಿಗೆ ಸಿಕ್ಕಿತು.

ಅಂದಿನಿಂದ ನಮ್ಮ ಸ್ನೇಹ. ಗಾಳಿಮಾಮ ಮೂವತ್ತೊಂದು ವರ್ಷ ಆ ಕೋಣೆಯಲ್ಲಿ ಕೆಲಸ ಮಾಡಿದರು. ಅಂಗಿ ಒಗೆಯುವುದು, ಹರಿದ ಚೆಂಡಿಗೆ ಹೊಲಿಗೆ ಹಾಕುವುದು, ಬೂಟಿನ ಮುಳ್ಳು ಬದಲಿಸುವುದು, ಎಲ್ಲಕ್ಕೂ ಅವರೊಬ್ಬರೇ. ಆಟಗಾರರಿಗಿಂತ ಚೆಂಡುಗಳ ಮೇಲೆ ಅವರಿಗೆ ಹೆಚ್ಚು ಮರ್ಯಾದೆ. "ಚೆಂಡು ಎದುರು ಮಾತಾಡಲ್ಲ," ಎನ್ನುತ್ತಿದ್ದರು. ಇದನ್ನು ಕೇಳಿದಾಗಲೆಲ್ಲ ಅವರ ಹೆಂಡತಿ, "ಅದಕ್ಕೇ ಮನೆಗೆ ಬರೋಕೆ ಮನಸ್ಸಿಲ್ಲ ಇವರಿಗೆ," ಎನ್ನುತ್ತಿದ್ದರು. ಆಕೆಗೆ ಎದುರು ಮಾತಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಗಾಳಿಮಾಮನ ನಿವೃತ್ತಿಯಾಗಿ ಆರು ವರ್ಷಗಳ ಮೇಲೆ ಈ ಪೀಕಲಾಟ ಶುರುವಾಯಿತು. ಗೋಡೆಯವರೂ ಅಷ್ಟು ಹೊತ್ತಿಗೆ ಮುದುಕರಾಗಿ, ಮಂಡಿ ಹಿಡಿದುಕೊಂಡು ನಡೆಯುತ್ತಿದ್ದರು. ಕ್ಲಬ್ಬಿನ ಹೆಣ್ಣುಮಕ್ಕಳ ತಂಡಕ್ಕೆ ಗೋಲಿನ ಬಲೆ ಕೊಡಿಸಬೇಕೆಂದು ಅವರು ತಮ್ಮ ಬಳಿಯಿದ್ದ ಒಂದೇ ಒಂದು ಚೆಂಡನ್ನು, ಅಂದರೆ ಕೊನೆಯ ಫೈನಲ್ಲಿನ ಚೆಂಡನ್ನು, ಹರಾಜಿಗೆಂದು ಆನ್‌ಲೈನ್ ಮಾರುಕಟ್ಟೆಯೊಂದಕ್ಕೆ ಕಳಿಸಿದರು. ಅದರ ಮೇಲಿನ ಸಹಿ ಪಂದ್ಯ ಮುಗಿದ ಕೂಡಲೇ ಮೈದಾನದಲ್ಲೇ ನಿಂತು ಹಾಕಿದ್ದು. ಎರಡು ವಾರಕ್ಕೆ ಚೆಂಡು ವಾಪಸು ಬಂತು. ಜೊತೆಗೊಂದು ಪತ್ರ: ಸಹಿ ನಕಲಿ, ನಿಮ್ಮ ಖಾತೆ ಮುಚ್ಚಲಾಗಿದೆ. ಮೋಸಗಾರರ ಪಟ್ಟಿಯೆಂದು ಆ ಮಾರುಕಟ್ಟೆಯವರು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದ ಹೆಸರುಗಳ ನಡುವೆ ಗೋಡೆಯವರ ಹೆಸರೂ ಸೇರಿಹೋಗಿತ್ತು.

ನಾನು ಗಾಳಿಮಾಮನ ಮನೆಯ ಜಗಲಿಯಲ್ಲಿ ಕುಳಿತಿದ್ದಾಗಲೇ ಗೋಡೆಯವರು ಆ ಪತ್ರ ಹಿಡಿದು ಬಂದರು.

"ನನ್ನ ಹೆಸರಿಗೆ ನಾನೇ ನಕಲಿ ಸಹಿ ಹಾಕಿದೀನಂತೆ," ಎಂದರು. "ಕ್ಷೌರದಂಗಡೀಲಿ ಓದಿ ನಗ್ತಿದ್ರು. ನಾನು ಅರ್ಧ ಗಡ್ಡ ಬಿಟ್ಟು ಎದ್ದು ಬಂದೆ."

ನಿಜವಾಗಿಯೂ ಒಂದು ಕೆನ್ನೆಗೆ ಮಾತ್ರ ಕ್ಷೌರವಾಗಿತ್ತು. ಗಾಳಿಮಾಮ ಪತ್ರ ಓದಿದರು. ಅಸಲಿ ಸಹಿಯ ಮಾದರಿಯೆಂದು ಕ್ಲಬ್ಬಿನ ಕಚೇರಿ ಮಾರುಕಟ್ಟೆಯವರಿಗೆ ಕೊಟ್ಟಿದ್ದ ಚಿತ್ರಗಳು ಅದರ ಕೆಳಗಿದ್ದವು. ಗುಂಡಗಿನ ಅಕ್ಷರ, ಕೊನೆಯಲ್ಲಿ ಸುಳಿ. ಅವರ ಮುಖ ಬಿಳಿಚಿಕೊಂಡಿತು.

"ಇದು ನಿಂದಲ್ಲ," ಎಂದರು.

"ನಂದಲ್ಲ ಅಂತ ನಂಗೂ ಗೊತ್ತು. ನಾನು ಯಾವತ್ತು ಸುಳಿ ಹಾಕಿದೀನಿ? ಒಂದು ಗೀಟು, ಒಂದು ಚುಕ್ಕೆ, ಮುಗೀತು. ಯಾವ ಕಳ್ಳ ಹಾಕಿದ್ದು ಇದನ್ನ?"

"ನಾನೇ."

ಗಾಳಿಮಾಮ ಪತ್ರವನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಗಾಳಿಮಾಮ ಒಂದೊಂದಾಗಿ ಹೇಳಿದರು. ಆಗ ಅಭ್ಯಾಸ ಮುಗಿದ ಕೂಡಲೇ ಗೋಡೆಯವರು ಗೋದಾಮಿನ ಕೆಲಸಕ್ಕೆ ಓಡಬೇಕಿತ್ತು. ಚೆಂಡು ಕೇಳಿಕೊಂಡು ಜನ ಬರುತ್ತಲೇ ಇದ್ದರು. 'ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಹಾಕಿ ಕೊಟ್ಟುಬಿಡಿ, ಯಾರಿಗೆ ತಿಳಿಯುತ್ತೆ' ಎಂದು ಅಂದಿನ ಕಾರ್ಯದರ್ಶಿ ಹೇಳಿದ್ದರಂತೆ. ಇವರು ಹಾಕಿ ಕೊಟ್ಟರು.

"ಎಷ್ಟು?" ಎಂದರು ಗೋಡೆ.

"ನಾನೂರಕ್ಕೆ ಕಮ್ಮಿ ಇಲ್ಲ."

"ನಾನು ಆಟ ಆಡಿದ್ದಕ್ಕಿಂತ ನೀನು ನನ್ನ ಹೆಸರು ಬರೆದಿದ್ದೇ ಜಾಸ್ತಿಯಾಯ್ತಲ್ಲೋ," ಎಂದು ಗೋಡೆ ಎದ್ದರು. ಗಾಳಿಮಾಮನ ಹೆಂಡತಿ, "ಕೂತ್ಕೊಳ್ಳಣ್ಣ, ಉಳಿದ ಅರ್ಧ ಗಡ್ಡ ಇವರೇ ಮಾಡ್ತಾರೆ, ಅದಕ್ಕೂ ಕೈ ಚೆನ್ನಾಗಿದೆ," ಎಂದರು. ಗೋಡೆ ಕೂರಲಿಲ್ಲ. ಮೆಟ್ಟಿಲಿಳಿಯುವಾಗ ತಿರುಗಿ ನೋಡಿ, "ನನ್ನ ಹೆಸರು ಆ ಪಟ್ಟಿಯಿಂದ ಹೋಗ್ಬೇಕು. ಹೋಗೋವರೆಗೂ ನನ್ನ ಜೊತೆ ಮಾತಾಡ್ಬೇಡ," ಎಂದರು.

ಶಾಲೆಯ ಬೀರುವಿನ ಚೆಂಡು ನನಗಾಗ ನೆನಪಾಯಿತು. ಲೋಟ ಎತ್ತಿ ನೀರು ಕುಡಿದೆ.

ಮರುದಿನವೇ ಗಾಳಿಮಾಮ ಮಾರುಕಟ್ಟೆಯವರಿಗೆ ಬರೆದರು. ಅವರು ಹೇಳುವುದು, ಹೆಂಡತಿ ಫೋನಿನಲ್ಲಿ ಒತ್ತುವುದು. 'ಆ ಸಹಿಗಳನ್ನು ಹಾಕಿದವನು ನಾನು' ಎಂದು ಸ್ಪಷ್ಟವಾಗಿ ಬರೆದು, ತಾವು ಸಹಿ ಹಾಕಿದ್ದ ಒಂದು ಚೆಂಡಿನ ಚಿತ್ರವನ್ನೂ ಕಳಿಸಿದರು. ನಾಲ್ಕು ದಿನಕ್ಕೆ ಉತ್ತರ ಬಂತು. ಹೆಂಡತಿ ಗಟ್ಟಿಯಾಗಿ ಓದಿದರು: "'ಮಾನ್ಯ ಗ್ರಾಹಕರೇ, ನೀವು ಕಳಿಸಿದ ಸಹಿ ಅಸಲಿ ಎಂದು ದೃಢಪಟ್ಟಿದೆ. ಅಭಿನಂದನೆಗಳು.'"

ಗಾಳಿಮಾಮ ತಲೆ ಚಚ್ಚಿಕೊಂಡರು. "ಕಳ್ಳತನ ಮಾಡಿದೀನಿ ಅಂತ ಬಾಯಿಬಿಟ್ಟು ಹೇಳಿದ್ರೆ ಅಭಿನಂದನೆ ಅಂತೆ."

ಮತ್ತೆ ಬರೆದರು. ಮತ್ತೆ ಅಭಿನಂದನೆ ಬಂತು. ಮೂರನೆಯ ಸಲ ಕ್ಯಾಮೆರಾ ಮುಂದೆ ಕುಳಿತು ಅದೇ ಸಹಿಯನ್ನು ಹಾಕಿ ತೋರಿಸಿದರು. 'ಅಸಲಿಯನ್ನು ನೋಡಿ ಯಾರು ಬೇಕಾದರೂ ಹಾಗೆ ಬರೆಯಬಹುದು' ಎಂಬ ಉತ್ತರದ ಜೊತೆಗೆ, ಇನ್ನು ಮುಂದೆ ಹೀಗೆ ಮಾಡಿದರೆ ನಿಮ್ಮ ಹೆಸರೂ ಪಟ್ಟಿಗೆ ಸೇರುತ್ತದೆ ಎಂಬ ಎಚ್ಚರಿಕೆಯೂ ಬಂತು. ಈ ನಡುವೆ ಅದೇ ಮಾರುಕಟ್ಟೆಯಲ್ಲಿ ಗೋಡೆಯವರ ಸಹಿಯ ಹೊಚ್ಚಹೊಸ ಚೆಂಡುಗಳು ದಿನಕ್ಕೆ ನಾಲ್ಕೈದು ಬರುತ್ತಿದ್ದವು. ಯಾರೋ ಗಾಳಿಮಾಮನ ಅಕ್ಷರವನ್ನೇ ನಕಲು ಮಾಡಿದ್ದರು. ಅವೆಲ್ಲ ಪರೀಕ್ಷೆಯಲ್ಲಿ ಪಾಸು.

"ನೋಡಿ ಮೇಷ್ಟ್ರೇ, ಸುಳೀನ ಉಲ್ಟಾ ಸುತ್ತಿದಾನೆ ಬಡ್ಡೀಮಗ," ಎಂದು ಗಾಳಿಮಾಮ ಫೋನು ನನ್ನ ಮುಖಕ್ಕೆ ಹಿಡಿದರು. "ಮಾಡೋ ಮೋಸಾನಾದ್ರೂ ನೆಟ್ಟಗೆ ಮಾಡ್ಬಾರ್ದಾ?"

"ನಿಮಗೆ ಹೊಟ್ಟೆ ಉರೀತಿರೋದು ಮೋಸಕ್ಕೋ, ಸುಳಿಗೋ?" ಎಂದು ಹೆಂಡತಿ ಕೇಳಿದರು. ಅವರು ಆ ಸುಳಿಯನ್ನು ಇನ್ನಷ್ಟು ದೊಡ್ಡದು ಮಾಡಿ ನೋಡಿದರು.

ಉಪಾಯ ಹೊಳೆದದ್ದು ಅವರ ಕೆಲಸದ ರೀತಿಯಿಂದಲೇ. ಗಟ್ಟಿಯಾಗಿ ಗಾಳಿ ತುಂಬಿದ ಚೆಂಡು ಕೈಯಲ್ಲಿ ಉರುಳುತ್ತದೆ, ಅಕ್ಷರ ನೆಟ್ಟಗೆ ಬರುವುದಿಲ್ಲ. ಆದ್ದರಿಂದ ಗಾಳಿಮಾಮ ಯಾವಾಗಲೂ ಮೆತ್ತಗಿನ ಚೆಂಡನ್ನು ಮೇಜಿನ ಮೇಲೆ ಒತ್ತಿಟ್ಟು ಸಹಿ ಹಾಕಿ, ರಾತ್ರಿಯೆಲ್ಲ ಒಣಗಲು ಬಿಟ್ಟು, ಮರುದಿನ ಗಾಳಿ ತುಂಬುತ್ತಿದ್ದರು. ಗಾಳಿ ತುಂಬಿ ಚರ್ಮ ಹಿಗ್ಗಿದಾಗ ಒಣಗಿದ ಶಾಯಿ ಕೂದಲೆಳೆಯಷ್ಟು ಸಣ್ಣಗೆ ಬಿರಿಯುತ್ತದೆ. ಗೋಡೆಯವರು ಸಹಿ ಹಾಕುತ್ತಿದ್ದುದು ಮೈದಾನದಲ್ಲಿ, ಗಾಳಿ ತುಂಬಿದ ಚೆಂಡಿನ ಮೇಲೆ. ಅಲ್ಲಿ ಬಿರುಕಿಲ್ಲ.

ನಾನು ಶಾಲೆಗೆ ಹೋಗಿ ಈಗಿನ ಹೆಡ್‌ಮಿಸ್ಟ್ರೆಸ್ಸರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿ ಆ ಚೆಂಡನ್ನು ತಂದೆ. ಗೋಡೆಯವರು ತಮ್ಮ ಚೆಂಡನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು, ತಾವು ಬರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿಯ ಮೂಲಕ ಚಿತ್ರ ತೆಗೆದು ಕಳಿಸಿದೆವು. ಒಂದು ತಿಂಗಳು ಏನೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಪರೀಕ್ಷಾ ವಿಭಾಗದ ಹೆಣ್ಣುಮಗಳೊಬ್ಬಳು ತಾನೇ ಫೋನು ಮಾಡಿದಳು.

"ಸರ್, ನಮ್ಮ ಮಾದರಿ ಚೆಂಡುಗಳಲ್ಲೆಲ್ಲ ಆ ಬಿರುಕಿದೆ. ಹಳೇದಾಗಿ ಬಂದಿದ್ದು ಅಂದ್ಕೊಂಡಿದ್ವಿ. ಒಂದೇ ಪ್ರಶ್ನೆ. ಸಹಿ ಆದ್ಮೇಲೆ ಗಾಳಿ ತುಂಬ್ತಿದ್ದೋರು ಯಾರು?"

"ನಾನೇ ಕಣಮ್ಮ. ಮೂವತ್ತೊಂದು ವರ್ಷ ಅದೇ ಕೆಲಸ," ಎಂದರು ಗಾಳಿಮಾಮ. ಮೂರು ತಿಂಗಳಲ್ಲಿ ಆ ಮಾರುಕಟ್ಟೆಯಿಂದ ಮನುಷ್ಯರ ದನಿ ಕೇಳಿದ್ದು ಅದೇ ಮೊದಲು.

ಗೋಡೆಯವರ ಹೆಸರು ಆ ಪಟ್ಟಿಯಿಂದ ಹೋಯಿತು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಇನ್ನೊಂದು ಮಾರುಕಟ್ಟೆಯವರು ಹಳೆಯ ಪಟ್ಟಿಯನ್ನು ಹಾಗೆಯೇ ಎತ್ತಿ ತಮ್ಮಲ್ಲಿ ಹಾಕಿಕೊಂಡಿದ್ದರು. ಅವರಿಗೆ ಬಿರುಕೂ ಬೇಡ, ಭೂತಗನ್ನಡಿಯೂ ಬೇಡ. ಹೆಸರು ತೆಗೆಯಬೇಕಾದರೆ ಆಟಗಾರರೇ ಸ್ವತಃ ಸಹಿ ಮಾಡಿದ ಅರ್ಜಿ ಬರಬೇಕು, ಸಹಿ ತಮ್ಮಲ್ಲಿರುವ ಮಾದರಿಗೆ ಹೊಂದಬೇಕು. ಅವರಲ್ಲಿರುವ ಮಾದರಿ ಗಾಳಿಮಾಮನದು.

ಗಾಳಿಮಾಮ ಒಂದು ನಿಮಿಷದಲ್ಲಿ ಹಾಕಿ ಕಳಿಸಬಹುದಿತ್ತು. ಹಾಕಲಿಲ್ಲ. ಇನ್ನು ಅವನ ಹೆಸರನ್ನು ನನ್ನ ಕೈಯಿಂದ ಬರೆಯುವುದಿಲ್ಲ ಎಂದುಬಿಟ್ಟರು. ಹಾಗಾಗಿ ಈಗ ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಗೋಡೆಯವರು ಗಾಳಿಮಾಮನ ಜಗಲಿಗೆ ಬರುತ್ತಾರೆ. ಇಬ್ಬರ ನಡುವೆ ಒಂದು ನಾಲ್ಕು ಗೆರೆಯ ಕಾಪಿ ಪುಸ್ತಕ, ತಂದುಕೊಟ್ಟವನು ನಾನು. ಮೊನ್ನೆ ಹೋದಾಗ ಏಳನೆಯ ಪುಟ ನಡೆಯುತ್ತಿತ್ತು.

"ನನ್ನ ಹೆಸರು ಬರೆಯೋಕೆ ನಾನು ನಿನ್ನ ಹತ್ರ ಪಾಠ ಹೇಳಿಸ್ಕೋಬೇಕು," ಎಂದು ಗೋಡೆಯವರು ಗೊಣಗಿದರು.

"ಬಾಯಿ ಮುಚ್ಕೊಂಡು ಬರಿ. ಸುಳಿ ಬಲಗಡೆಯಿಂದ ಕಣೋ. ಆ ಕಳ್ಳನ ಥರಾನೇ ಉಲ್ಟಾ ಸುತ್ತಿದೀಯಲ್ಲ."

ಗೋಡೆಯವರು ಪೆನ್ಸಿಲನ್ನು ಒಮ್ಮೆ ನೋಡಿ, ಅಳಿಸಿ, ಮತ್ತೆ ಬರೆದರು.