ಮಾವನ ಮಳೆ ಪುಸ್ತಕದ ಷರಾ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಹೊಸ ಲ್ಯಾಪ್‌ಟಾಪಿನದಲ್ಲ. ಎರಡು ವಾರದಿಂದ ಅದಕ್ಕೆ ನಾನು ಹಾಕಿದ ಶಾಪ ಒಂದೆರಡಲ್ಲ, ಅದು ಬೇರೆ ಮಾತು.

ಕಳೆದ ತಿಂಗಳು ನಮ್ಮ ಯಜಮಾನರು ಹಳೆಯ ಲ್ಯಾಪ್‌ಟಾಪನ್ನು ಮೂಡಿಗೆರೆಯ ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಂದರು. ವಿಂಡೋಸ್ ಅಲ್ಲ, ಬೇರೆಯದೇ ಸಿಸ್ಟಮ್. ವೈರಸ್ ಬರುವುದಿಲ್ಲ, ಹ್ಯಾಂಗ್ ಆಗುವುದಿಲ್ಲ ಎಂದು ಯಾರೋ ಹೇಳಿದರಂತೆ.

ಹನ್ನೆರಡು ವರ್ಷ ಆ ಹಳೆಯದರ ಮುಂದೆ ಕೂತವಳು ನಾನು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಹೊಸದರಲ್ಲಿ ಎಲ್ಲವೂ ತಿರುಗುಮುರುಗು. ಕ್ಲೋಸ್ ಬಟನ್ ಎಡಗಡೆ. ಕಾಪಿ ಮಾಡಲು ಕಂಟ್ರೋಲ್ ಒತ್ತಿದರೆ ಕ್ಯಾರೇ ಅನ್ನುವುದಿಲ್ಲ. ಮದುವೆಯಾಗಿ ಬಂದ ವಾರ ಈ ಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗೇ ಆಯಿತು. ಇರಲಿ, ಅದನ್ನು ಕಲಿತೆ, ಇದನ್ನೂ ಕಲಿಯುತ್ತಿದ್ದೆ.

ಆದರೆ ಮಳೆ ಪುಸ್ತಕ...

ಕಾಫಿ ತೋಟದವರಿಗೆ ಗೊತ್ತಿರುತ್ತದೆ. ದಿನಾ ಬೆಳಗ್ಗೆ ಅಂಗಳದ ರೈನ್ ಗೇಜ್ ನೋಡಿ ಹಿಂದಿನ ದಿನದ ಮಳೆ ಬರೆದಿಡಬೇಕು. ಇಂಚು, ಸೆಂಟು. ನೂರು ಸೆಂಟು ಸೇರಿದರೆ ಒಂದು ಇಂಚು. ಕಳಸದ ಹತ್ತಿರದ ನಮ್ಮ ತೋಟದಲ್ಲಿ ಮಾವ ಮೂವತ್ತೆಂಟು ವರ್ಷ ಒಂದು ದಿನವೂ ತಪ್ಪಿಸದೆ ಬರೆದರು. ಅವರ ಮಂಡಿ ಕೈಕೊಟ್ಟ ಮೇಲೆ ಗೇಜ್ ನೋಡುವ ಕೆಲಸ ನನಗೆ ಬಂತು.

ಅಂಕಿಯ ಪಕ್ಕ ಮಾವ 'ಷರಾ' ಎಂದು ಒಂದು ಕಾಲಂ ಇಟ್ಟಿದ್ದರು. ಆ ದಿನ ನಡೆದದ್ದು ಅಲ್ಲಿ ಒಂದು ಸಾಲು.

"ಎಂಬತ್ತು ಸೆಂಟು. ಹೂವಿಗೆ ಸಾಕು. ಕೆಂಪಿ ಕರು ಹಾಕಿತು."

"ಮಳೆ ಇಲ್ಲ. ಹೊಸ ಸೊಸೆಯ ಕಡುಬು ಕಲ್ಲು." ಹೌದು, ಆ ಸೊಸೆ ನಾನೇ!

ಪುಸ್ತಕಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಟೈಪ್ ಮಾಡಲು ಕೂತೆ. ಮಾವ ಓದುವುದು, ನಾನು ಹಳೆಯ ಕನ್ನಡ ಫಾಂಟಿನಲ್ಲಿ ಕುಟ್ಟುವುದು. ಎರಡು ಮಳೆಗಾಲ ಹಿಡಿಯಿತು.

ಒಂದು ಜುಲೈ ತಿಂಗಳ ಪುಟಕ್ಕೆ ಬಂದಾಗ ಮಾವ ಓದುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. "ಇದೊಂದು ಸಾಲು ನೀನೇ ನೋಡ್ಕೊಂಡು ಹೊಡಿ ಮಗಾ" ಎಂದು ಎದ್ದು ಹೋದರು.

"ಒಂಬತ್ತು ಇಂಚು ಹತ್ತು ಸೆಂಟು. ಮರ ಬಿದ್ದು ರಸ್ತೆ ಬಂದ್, ಜೀಪು ಹೋಗಲಿಲ್ಲ. ಹೆಣ್ಣು ಮಗು. ಉಳಿಯಲಿಲ್ಲ. ಮೂಗು ತಾಯಿಯದೇ."

ನನ್ನ ಮೊದಲ ಮಗು. ಹೆಸರಿಡುವ ಮೊದಲೇ ಹೋಯಿತು. ಇನ್ನು ಆ ಮಾತು ಎತ್ತಬಾರದು ಎಂದರು, ಮನೆಯಲ್ಲಿ ಯಾರೂ ಎತ್ತಲಿಲ್ಲ. ನನಗೆ ಮುಖ ಕೂಡ ತೋರಿಸಿರಲಿಲ್ಲ. ಮೂಗು ನನ್ನದೇ ಇತ್ತು ಎಂದು ನನಗೆ ಗೊತ್ತಾದದ್ದು ಮಳೆ ಪುಸ್ತಕದಿಂದ.

ಮಾವ ತೀರಿಕೊಂಡ ಮರುವರ್ಷ ಪುಸ್ತಕದ ಪೆಟ್ಟಿಗೆಗೆ ಗೆದ್ದಲು ಹತ್ತಿತು. ಎಲ್ಲಾ ಹುಡಿಹುಡಿ. ಆದರೂ ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಒಂದು ಪ್ರಿಂಟ್ ತೆಗೆಸಿಡುವ ಬುದ್ಧಿ ಈ ಮಂಡೆಗೆ ಬರಲಿಲ್ಲ.

ಮೊನ್ನೆ ಹೊಸ ಲ್ಯಾಪ್‌ಟಾಪಿನಲ್ಲಿ ಆ ಫೈಲ್ ತೆರೆದೆ. ತಾರೀಖು ಇದೆ, ಇಂಚು ಇದೆ, ಸೆಂಟು ಇದೆ. ಷರಾ ಇಲ್ಲ.

"ರೀ, ಇಲ್ಲೊಂದು ಕಾಲಂ ಇತ್ತಲ್ಲ?" ಎಂದೆ.

"ಓ ಅದಾ? ಎಂಥದೋ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ, ಬರೀ ಕಸ ಮಾರಾಯ್ತಿ. ಬೆಳೆಗಾರರ ಗ್ರೂಪಲ್ಲಿ ಹಳೇ ಮಳೆ ಅಂಕಿ ಕೇಳಿದ್ರು. ಆ ಕಸ ತೆಗ್ದು, ಸೇವ್ ಮಾಡಿ ಕಳ್ಸಿದೆ. ಅಂಕಿ ಎಲ್ಲಾ ಉಂಟಲ್ಲ?"

ಮಾರನೇ ದಿನ ಲ್ಯಾಪ್‌ಟಾಪ್ ಎತ್ತಿಕೊಂಡು ಬಸ್ಸು ಹತ್ತಿ ಅದೇ ಮೂಡಿಗೆರೆ ಅಂಗಡಿಗೆ ಹೋದೆ.

ಅಂಗಡಿಯವರು ಒಳ್ಳೆಯವರು. ನಾನು ಹಿಂದೆ ಟೈಪ್ ಮಾಡಿದ್ದ ಬೇರೊಂದು ಪತ್ರ ತೆರೆದರು. ಅದರಲ್ಲೂ ಅದೇ ಇಂಗ್ಲಿಷ್ ಅಕ್ಷರಗಳ ರಾಶಿ. ಏನೋ ಒಂದು ಕನ್ವರ್ಟರಿಗೆ ಹಾಕಿದರು... ಕಣ್ಣೆದುರೇ ಅಚ್ಚ ಕನ್ನಡ ಎದ್ದು ಬಂತು.

"ಹಳೇ ಫಾಂಟ್ ಅಕ್ಕಾ, ಈ ಸಿಸ್ಟಮ್‌ಗೆ ಗೊತ್ತಾಗಲ್ಲ ಅಷ್ಟೆ. ನಿಮ್ಮ ಕಾಲಂ ಇದ್ದಿದ್ರೆ ಹತ್ತು ನಿಮಿಷದ ಕೆಲ್ಸ. ಆದ್ರೆ ಕಾಲಮ್ಮೇ ಇಲ್ವಲ್ಲ" ಎಂದರು.

ಹಳೆಯ ಲ್ಯಾಪ್‌ಟಾಪ್ ಆಗಲೇ ಫಾರ್ಮ್ಯಾಟ್ ಆಗಿ ಮಾರಾಟವಾಗಿದೆ. ಫೈಲ್ ಕಾಪಿ ಮಾಡಿದ್ದ ಪೆನ್‌ಡ್ರೈವ್ ಹಾಕಿ ನೋಡಿದರು. ಅದರ ತುಂಬಾ ಜೀಪಿನಲ್ಲಿ ಕೇಳುವ ಹಾಡುಗಳು!

ಮನೆಗೆ ಬಂದು ಕೂಗಾಡಿದೆ, ಸುಳ್ಳು ಹೇಳುವುದಿಲ್ಲ. "ನಾನೇನು ಬೇಕಂತ ಮಾಡಿದ್ನಾ? ಒಂದು ಕಾಲಮ್ಮಿಗೆ ಇಷ್ಟು ಗಲಾಟೆಯಾ?" ಎಂದರು. ಅದರಲ್ಲಿ ಏನಿತ್ತು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೇಳದವರಿಗೆ ಏನೆಂದು ಹೇಳುವುದು?

ಆ ಸಾಲು ನನಗೆ ಬಾಯಿಪಾಠ, ನಿಜ. ಆದರೆ ಆ ಮಗುವನ್ನು ಮನೆಯವರೊಬ್ಬರು ನೋಡಿ ಬರೆದಿಟ್ಟದ್ದು ಅದೊಂದೇ ಕಡೆ. ಬೇರೆ ಯಾವ ಕಾಗದದಲ್ಲೂ ಅವಳಿಲ್ಲ.

ಇವತ್ತು ಬೆಳಗ್ಗೆ ಅವರ ಫೋನಿನಲ್ಲಿ ಆ ಗ್ರೂಪ್ ತೆರೆದು ನೋಡಿದೆ. ಮಾವನ ಶಿಸ್ತಿಗೆ ಎಷ್ಟೋ ಜನ ಕೈ ಮುಗಿದಿದ್ದಾರೆ. ಒಬ್ಬರು ಕೇಳಿದ್ದಾರೆ, "ಆ ಜುಲೈಯಲ್ಲಿ ಒಂದೇ ದಿನ ಒಂಬತ್ತು ಇಂಚು ಹತ್ತು ಸೆಂಟು! ಏನು ಮಳೆ ಮಾರಾಯ್ರೆ. ಆ ದಿನ ನೆನಪುಂಟಾ?"

ನನ್ನ ಗಂಡ ಉತ್ತರ ಹಾಕಿದ್ದಾರೆ. "ನೆನಪಿಲ್ಲ. ಆದ್ರೆ ಅಪ್ಪನ ಅಂಕಿ ತಪ್ಪಿರಲ್ಲ."

ನಿಮ್ಮ ಮನೆಯಲ್ಲಿ ಯಾವುದು ಕಸ ಎಂದು ಯಾರು ತೀರ್ಮಾನ ಮಾಡುತ್ತಾರೆ?