ತವರಿನ ಸೀರೆ ಮತ್ತು ಕರೇಕೊಪ್ಪದ ಬಸ್ಸು

ಕರೇಕೊಪ್ಪಕ್ಕೆ ಬಸ್ಸು ಬಂದದ್ದು ಸರಕಾರದ ಗ್ರ್ಯಾಂಟಿನಿಂದ ಎಂದು ಕಾಗದ ಹೇಳುತ್ತದೆ. ಹೇಳಲಿ ಬಿಡಿ, ಕಾಗದಕ್ಕೇನು, ಬರೆದದ್ದನ್ನೇ ಹೇಳಬೇಕು. ಆದರೆ ಆ ಸೀಮೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಬಸ್ಸು ಬಂದದ್ದು ಈರಬಸಪ್ಪನ ಕಾಲಿನಿಂದ ಅನ್ನುತ್ತಾರೆ. ಮೂರು ವರ್ಷ ಆ ಕಾಲುಗಳು ನವಲಗುಂದದ ಕಚೇರಿಯ ಮೆಟ್ಟಿಲು ತುಳಿದವು. ಯಾಕೆ ತುಳಿದವು ಅನ್ನುವುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ.

ಈರಬಸಪ್ಪ ನವಲಗುಂದದ ದೊಡ್ಡ ರಸ್ತೆಗೆ ಹತ್ತಿಕೊಂಡ ಬಸಾಪುರದವನು. ಎಂಟು ಎಕರೆ ಎರೆ ಹೊಲ, ಒಂದು ಜೋಡಿ ಎತ್ತು, ಮಾತು ಕಡಿಮೆ. ಒಬ್ಬಳೇ ತಂಗಿ ಮಹಾದೇವಕ್ಕ. ಅವಳನ್ನು ಐದು ಮೈಲು ಒಳಗಿನ ಕರೇಕೊಪ್ಪದ ಶಂಕ್ರಪ್ಪನಿಗೆ ಕೊಟ್ಟಿದ್ದ. ಬೇಸಿಗೆಯಲ್ಲಿ ಐದು ಮೈಲು ಏನು ಮಹಾ, ಎಲೆಯಡಿಕೆ ಮೆಲ್ಲುತ್ತ ನಡೆದರೆ ಊರು ಬಂತು. ಮಳೆಗಾಲದಲ್ಲಿ ಮಾತ್ರ ಕರೇಕೊಪ್ಪ ಬೇರೆ ದೇಶ. ಎರೆ ಮಣ್ಣಿನ ರಾಡಿ ಕಂಡವರಿಗೆ ಹೇಳಬೇಕಿಲ್ಲ, ಕಾಣದವರಿಗೆ ಹೇಳಿದರೂ ತಿಳಿಯುವುದಿಲ್ಲ. ಒಂದು ಹದ ಮಳೆ ಬಿದ್ದರೆ ಗಾಲಿಗೆ ಹತ್ತಿದ ಮಣ್ಣು ಗಾಲಿಯನ್ನೇ ನುಂಗುತ್ತದೆ, ನಡೆದರೆ ಹೆಜ್ಜೆಗೆ ಒಂದು ಸೇರು ಮಣ್ಣು ಕಾಲಿಗೆ ಕಟ್ಟಿಕೊಳ್ಳುತ್ತದೆ. ಸಾಲದ್ದಕ್ಕೆ ನಡುವೊಂದು ಹಳ್ಳ. ಇದೇ ರಾಡಿಯಿಂದಾಗಿ ಎಪ್ಪತ್ತೊಂದರ ಪಂಚಮಿಗೆ ತಂಗಿಯನ್ನು ಕರೆತರಲು ಅವನಿಗೆ ಆಗಲಿಲ್ಲ.

ಪಂಚಮಿಯಾಗಿ ಹತ್ತು ದಿನಕ್ಕೆ ಸುದ್ದಿ ಬಂತು. ಮೂರು ದಿನದ ಜ್ವರ, ಮಹಾದೇವಕ್ಕ ಹೋಗಿಬಿಟ್ಟಿದ್ದಳು.

ಹೆಣ್ಣುಮಗಳು ಸತ್ತರೆ ತವರಿನಿಂದ ಸೀರೆ ಬರಬೇಕು. ಬಡವರಿರಲಿ, ಬಲ್ಲಿದರಿರಲಿ, ಅದನ್ನು ಹೊದ್ದುಕೊಂಡೇ ಆಕೆ ಮಣ್ಣಿಗೆ ಹೋಗಬೇಕು. ಬರಲಿಲ್ಲವೆಂದರೆ ಆಕೆಗೆ ಹಿಂದಿಲ್ಲ ಮುಂದಿಲ್ಲ ಎಂದು ಅರ್ಥ. ಈರಬಸಪ್ಪ ಅಂಗಡಿಯವನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದು ಬಾಗಿಲು ತೆಗೆಸಿ, ಕೆಂಪು ದಡಿಯ ಹಸಿರು ಇಳಕಲ್ ಸೀರೆ ಕೊಂಡ. ಮುತ್ತೈದೆಯಾಗಿ ಹೋದವಳಲ್ಲವೇ, ಹಸಿರೇ ಆಗಬೇಕು. ಚಕ್ಕಡಿ ಹೂಡಿಕೊಂಡು ಹೊರಟ. ಎರಡನೇ ಮೈಲಿಗೆ ಗಾಲಿ ಹೂತವು. ಎತ್ತು ಬಿಚ್ಚಿ ಯಾರದೋ ಹೊಲದ ಬೇವಿನ ಮರಕ್ಕೆ ಕಟ್ಟಿ, ಸೀರೆ ತಲೆಯ ಮೇಲಿಟ್ಟುಕೊಂಡು ನಡೆದ. ಹಳ್ಳ ತುಂಬಿತ್ತು. ನೀರು ಇಳಿಯಲಿ ಎಂದು ದಂಡೆಯಲ್ಲಿ ನಿಂತೇ ನಿಂತ. ಶಿವನೇ, ಆ ಹೊತ್ತು ಅವನ ವೈರಿಗೂ ಬರಬಾರದು.

ಕರೇಕೊಪ್ಪದ ಅಗಸಿ ಬಾಗಿಲು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಣ್ಣು ಮುಗಿಸಿ ಬರುವವರು ಅಲ್ಲಿಯೇ ಎದುರಾದರು. ಯಾರೂ ಅವನ ಮುಖ ನೋಡಲಿಲ್ಲ. ಮನೆಯ ಬಾಗಿಲಲ್ಲಿ ತಂಗಿಯ ಅತ್ತೆ ರೇವವ್ವ ಕೂತಿದ್ದಳು. ಅವನ ತಲೆಯ ಮೇಲಿನ ಗಂಟು ನೋಡಿ ಅಂದಳು:

"ತವರಿನ ಸೀರಿ ಇಲ್ದ ಹ್ವಾದ್ಲು ನನ್ನ ಸೊಸಿ. ಅಣ್ಣ ಇದ್ದೂ ಇಲ್ದಾಕಿ ಆದ್ಲು."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ಹಾಗೆಯೇ ಆಯಿತು. ಅವನು ನೀರು ಸಹ ಮುಟ್ಟದೆ ಬಂದ ದಾರಿಯಲ್ಲೇ ತಿರುಗಿದ. ಹೆಂಡತಿ ಮಲ್ಲಕ್ಕ ಸೀರೆಯನ್ನು ಟ್ರಂಕಿನ ತಳದಲ್ಲಿಟ್ಟಳು. ಈರಬಸಪ್ಪ ಮತ್ತೆ ಕರೇಕೊಪ್ಪಕ್ಕೆ ಕಾಲಿಡಲಿಲ್ಲ, ಶಂಕ್ರಪ್ಪ ಇತ್ತ ಬರಲಿಲ್ಲ.

ಕಾಲಿಡದ ಊರಿಗೆ ರಸ್ತೆ ಕೇಳಲು ಹೊರಟನಲ್ಲ, ಅದಕ್ಕೆ ಏನನ್ನಬೇಕು? ಹಳ್ಳಿಗಳ ರಸ್ತೆಗೆ ಸರಕಾರ ಗ್ರ್ಯಾಂಟು ಕೊಡುತ್ತದೆ, ರಸ್ತೆಯಾದರೆ ಬಸ್ಸು ಬರುತ್ತದೆ ಎಂದು ಯಾರೋ ಸಂತೆಯಲ್ಲಿ ಹೇಳಿದ್ದರು. ಮರುವಾರವೇ ಹೋಗಿ ತಾಲೂಕು ಕಚೇರಿಯ ಕಾರಕೂನ ಕೃಷ್ಣಾಜಿಯ ಮುಂದೆ ನಿಂತ. ಕೃಷ್ಣಾಜಿ ಒಳ್ಳೆಯ ಮನುಷ್ಯ, ಕಾಯ್ದೆಯ ಮನುಷ್ಯ. ಎರಡೂ ಒಬ್ಬನಲ್ಲೇ ಸಿಗುವುದು ಕಷ್ಟ.

"ನಿಮ್ಮೂರಿಗೆ ರಸ್ತಾ ಅದ, ಬಸ್ಸೂ ಅದ. ಬ್ಯಾರೆ ಊರಿನ ಉಸಾಬರಿ ನಿನಗ್ಯಾಕೋ ಈರಬಸಪ್ಪಾ?"

"ಐತ್ರಿ ಸಾಹೇಬ್ರ, ಉಸಾಬರಿ."

ಅಷ್ಟೇ. ಪ್ರತಿ ಸಂತೆಯ ದಿನ ಹೋಗುತ್ತಿದ್ದ, ನಿಲ್ಲುತ್ತಿದ್ದ, ಬರುತ್ತಿದ್ದ. ಕರೇಕೊಪ್ಪದವರ ಸಹಿ ಬೇಕೆಂದಾಗ ಅವರನ್ನು ನವಲಗುಂದದ ಸಂತೆಯಲ್ಲೇ ಹಿಡಿದು ಹೆಬ್ಬೆಟ್ಟು ಒತ್ತಿಸಿದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸ್ತಾನ ನೋಡ್ರಿ ಎಂದು ಮಂದಿ ನಕ್ಕರು. ನಗಲಿ. ನಗುವುದಕ್ಕೆ ಗ್ರ್ಯಾಂಟು ಬೇಕೇನು?

ಎಪ್ಪತ್ನಾಲ್ಕರ ಕೊನೆಗೆ ಮಂಜೂರಾಯಿತು. ಕೃಷ್ಣಾಜಿ ಕನ್ನಡಕ ಏರಿಸಿ ಕಾಗದ ಓದಿದ.

"ಮೂರು ಪಾಲು ಸರಕಾರದ್ದು, ಒಂದು ಪಾಲು ನಿಮ್ಮ ಶ್ರಮದಾನ. ಮಾರ್ಚ್ ಅಖೇರಿಯೊಳಗ ಮುಗೀಬೇಕು. ಮುಗೀಲಿಲ್ಲಂದ್ರ ಗ್ರ್ಯಾಂಟು ಬಂದ ಹಾದಿ ಹಿಡೀತದ, ನನ್ನ ಕೈಯಾಗ ಏನೂ ಇಲ್ಲ."

ಮಾರ್ಚ್ ಅಖೇರಿ! ಜೋಳದ ಕೊಯ್ಲು, ಹತ್ತಿ ಬಿಡಿಸುವುದು, ಎಲ್ಲ ಅದೇ ಹೊತ್ತಿಗೆ. ಸುಗ್ಗಿ ಬಿಟ್ಟು ರಸ್ತೆಗೆ ಯಾರು ಬರುತ್ತಾರೆ? ಬಂದ ನಾಲ್ಕು ಮಂದಿ ಅವಸರಕ್ಕೆ ಬಿದ್ದು ಎರೆ ಮಣ್ಣಿನ ಮೇಲೆ ನೇರವಾಗಿ ಜಲ್ಲಿಯಂಥ ಗರಸು ಮಣ್ಣು ಸುರಿದರು. ಒಂದು ಅಕಾಲದ ಮಳೆ ಬಿತ್ತು, ಗರಸು ಮಣ್ಣಿನ ಹೊಟ್ಟೆಗೆ ಹೋಯಿತು. ಆಗ ಈರಬಸಪ್ಪ ತನ್ನ ಜೋಳವನ್ನು ಹೊಲದಲ್ಲೇ ನಿಲ್ಲಿಸಿ, ಚಕ್ಕಡಿ ಹೂಡಿ, ದೂರದ ಗುಡ್ಡದಿಂದ ಕಲ್ಲು ಹೇರತೊಡಗಿದ. ಮೊದಲು ಕಲ್ಲು ಹಾಸು, ಅದರ ಮೇಲೆ ಗರಸು. ಅವನ ಜೋಳದ ತೆನೆಗೆ ಹಕ್ಕಿ ಬಿದ್ದವು. ಅದನ್ನು ನೋಡಿ ಎರಡೂ ಊರಿನವರಿಗೆ ನಾಚಿಕೆಯಾಯಿತು ಅಂತ ಕಾಣುತ್ತದೆ, ಒಬ್ಬೊಬ್ಬರೇ ಬುಟ್ಟಿ ಸಲಿಕೆ ಹಿಡಿದು ಬಂದರು. ಹಳ್ಳದ ತಳಕ್ಕೆ ಹಾಸುವ ದೊಡ್ಡ ಕಲ್ಲುಗಳನ್ನು ಮಾತ್ರ ಅವನು ಯಾರಿಗೂ ಬಿಡಲಿಲ್ಲ. ಒಂದೊಂದನ್ನೂ ತಾನೇ ಕೂಡ್ರಿಸಿದ. ಮಾರ್ಚ್ ಮುಗಿಯಲು ನಾಲ್ಕು ದಿನ ಇರುವಾಗ ಕೆಲಸ ಮುಗಿಯಿತು.

ಏಪ್ರಿಲಿನಲ್ಲಿ ಬಸ್ಸಿನ ಸಾಹೇಬ ಜೀಪಿನಲ್ಲಿ ಬಂದ. ಕರೇಕೊಪ್ಪದ ಅಗಸಿಯ ಮುಂದೆ ಇಳಿದು ಸುತ್ತ ನೋಡಿದ.

"ರಸ್ತಾ ಛಲೋ ಆಗೇತಿ. ಬಸ್ಸು ಬರತೈತಿ ಖರೆ, ಹೊಳ್ಳಿ ಹೋಗೂದು ಹ್ಯಾಂಗ? ತಿರುಗಾಕ ಗಟ್ಟಿ ಜಾಗಾ ತೋರಸ್ರಿ. ಇಲ್ಲಂದ್ರ ಬಸ್ಸು ಕೊಡಾಕ ಬರೂದಿಲ್ಲ."

ಊರೊಳಗೆ ಓಣಿಗಳು ಇಕ್ಕಟ್ಟು, ಹೊರಗೆ ಸುತ್ತಲೂ ಎರೆ ಹೊಲ. ಗಟ್ಟಿ ನೆಲವೆಂದರೆ ಒಂದೇ, ಅಗಸಿಯ ಬಾಜು ಇದ್ದ ರೇವವ್ವನ ಕಣ. ತಲೆಮಾರುಗಳಿಂದ ಎತ್ತು ತುಳಿದು, ಸೆಗಣಿ ಸಾರಿಸಿ, ಕಲ್ಲಿನಂತಾದ ನೆಲ. ನಡುವೆ ಎತ್ತು ಕಟ್ಟಿ ಸುತ್ತಿಸುವ ಮೇಟಿ ಕಂಬ, ಮೂಲೆಯ ಬೇವಿನ ಕೆಳಗೆ ಮಹಾದೇವಕ್ಕನನ್ನು ಮಣ್ಣು ಮಾಡಿದ ಗದ್ದಿಗೆ. ಊರ ಹಿರಿಯರು ಹೋಗಿ ಕೇಳಿದರು. ಮುದುಕಿ ತಲೆ ಎತ್ತದೆ ಹೇಳಿದಳು:

"ಕೇಳಬೇಕಾದಾವ ಬಂದು ಕೇಳಲಿ."

ನಾಲ್ಕು ವರ್ಷದ ಮೇಲೆ ಈರಬಸಪ್ಪ ಆ ಅಂಗಳದಲ್ಲಿ ನಿಂತ. ರೇವವ್ವ ಕಟ್ಟೆಯ ಮೇಲೆ ಕೂತು ಹತ್ತಿಯ ಕಸ ಆರಿಸುತ್ತಿದ್ದಳು.

"ಯವ್ವಾ, ಕಣ ಕೇಳಾಕ ಬಂದೇನ್ರಿ."

"ಈಗ ಹಾದಿ ಕಂಡತೇನು ನಿನಗ?"

"ಕಾಣಲಿಲ್ರಿ. ಮಾಡಿಕೊಂಡ ಬಂದೇನಿ."

ಮುದುಕಿಯ ಕೈ ನಿಂತಿತು. ಹತ್ತಿಯನ್ನು ಬದಿಗೆ ಸರಿಸಿ ಕೇಳಿದಳು, "ಆ ಸೀರಿ ಏನ ಮಾಡ್ದಿ?"

"ಐತ್ರಿ. ಮಡಿಕಿ ಬಿಚ್ಚಿಲ್ಲ."

"ಕೇಳ ತಮ್ಮಾ. ಅವತ್ತ ನಾ ಒಂದ ಮಾತ ಅಂದೆ. ಸೊಸಿ ಸತ್ತ ಸಂಕಟಕ್ಕ ಅಂದ್ಲು ಅಂತ ಮಂದಿ ತಿಳದಾರ. ಅಲ್ಲ. ನನಗ ನಂದ ಚಿಂತಿ ಹತ್ತಿತ್ತು. ನನ್ನ ತವರು ಪ್ಲೇಗಿನ್ಯಾಗ ತೊಳದ ಹೋತು. ಅಣ್ಣ ಇಲ್ಲ, ತಮ್ಮ ಇಲ್ಲ, ಅವರ ಹೊಟ್ಟ್ಯಾಗ ಹುಟ್ಟಿದವರೂ ಇಲ್ಲ. ಅಣ್ಣ ಇದ್ದಾಕಿಗೇ ಸೀರಿ ಬರಲಿಲ್ಲ, ಇನ್ನ ನನಗ್ಯಾರು ತರ್ತಾರ ಅಂತ ಎದಿ ಝಲ್ ಅಂತು. ಆ ಸಿಟ್ಟು ನಿನ್ನ ಮ್ಯಾಲೆ ಬಿತ್ತು."

ಇಷ್ಟು ವರ್ಷ ಈರಬಸಪ್ಪನನ್ನು ಕೊರೆದ ಮಾತಿನ ಬೇರು ಇಲ್ಲಿತ್ತು, ಅವನಿಗೆ ಗೊತ್ತೇ ಇರಲಿಲ್ಲ.

"ಕಣ ತಗೋ," ಅಂದಳು ರೇವವ್ವ. "ಮೇಟಿ ಕೀಳಬ್ಯಾಡ್ರಿ, ಎತ್ತು ತಿರಗ್ಯಾವ, ನಿಮ್ಮ ಬಸ್ಸಿಗೇನ ಧಾಡಿ? ನಿನ್ನ ತಂಗಿ ಮಗ್ಗಲಕ ಗಾಲಿ ಹೋಗಬಾರದು. ಮತ್ತ ಆ ಸೀರಿ ನನಗ ಮೀಸಲ. ನಾ ಸತ್ತ ದಿನಾ ತಗೊಂಡ ಬಾ. ಹೊತ್ತು ಮುಳುಗೂದರಾಗ ಬಾ."

"ಅದು ಹಸರ ಸೀರಿ ಐತ್ರಿ ಯವ್ವಾ." ಗಂಡ ಸತ್ತು ಇಪ್ಪತ್ತು ವರ್ಷವಾದವಳಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಅವನು ತಡವರಿಸಿದ.

"ಹಸರಾದ್ರೇನು, ಬಿಳೇದಾದ್ರೇನು. ಮಣ್ಣಾಗ ಬಣ್ಣ ನೋಡವ್ರ್ಯಾರು? ತವರಿಂದು ಅಂದ್ರ ಮುಗೀತು."

"ತರ್ತೇನ್ರಿ," ಅಂದ ಈರಬಸಪ್ಪ.

ಆ ವರ್ಷದ ಬಸವ ಜಯಂತಿಗೆ ಬಸ್ಸು ಬಂತು. ದಿನಕ್ಕೆ ಎರಡು ಸಲ, ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಡ್ರೈವರ ಬಾಬಾಸಾಬ ಮೇಟಿ ಸುತ್ತ ಬಸ್ಸು ತಿರುಗಿಸುವುದನ್ನು ರೇವವ್ವ ದಿನವೂ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಗದ್ದಿಗೆಯ ಕಡೆ ಗಾಲಿ ಒಂದು ಗೇಣು ವಾಲಿದರೂ ಸಾಕು, "ಏ ಬಾಬಾಸಾಬಾ, ಕಣ್ಣ ಎಲ್ಲಿ ಇಟ್ಟೀಯೋ?" ಎಂದು ಬೈಗುಳ ಶುರು. ಸುಗ್ಗಿಯಲ್ಲಿ ಕಣದ ತುಂಬ ತೆನೆ ಹರಡಿರುತ್ತಿದ್ದರು, ಬಸ್ಸು ಅದರ ಮೇಲೆಯೇ ಸುತ್ತಿ ಅರ್ಧ ರಾಶಿ ಮಾಡಿಕೊಟ್ಟು ಹೋಗುತ್ತಿತ್ತು. ಈರಬಸಪ್ಪ ಬಂದರೆ ಅವಳ ಮನೆಯಲ್ಲಿ ರೊಟ್ಟಿ ತಿನ್ನದೆ ಹೋಗುವಂತಿರಲಿಲ್ಲ.

ಎಪ್ಪತ್ತೇಳರ ಶ್ರಾವಣ. ಮೂರು ದಿನ ಬಿಡದ ಮಳೆ. ಕರೇಕೊಪ್ಪಕ್ಕೆ ಹೋಗಿ ಬಂದ ಮುಂಜಾನೆಯ ಬಸ್ಸು ಬಸಾಪುರದಲ್ಲಿ ನಿಂತಾಗ ಬಾಬಾಸಾಬ ತಾನೇ ಇಳಿದು ಬಂದು ಹೇಳಿದ, "ಈರಬಸಪ್ಪ ಕಾಕಾ, ಮುದುಕಿ ಹೋತ್ರಿ." ಮಲ್ಲಕ್ಕ ಟ್ರಂಕು ತೆರೆದಳು. ಆರು ವರ್ಷದ ಮಡಿಕೆ ಹಾಗೆಯೇ ಇತ್ತು.

ನಡೆದು ಹೋದರೆ ಹಳ್ಳ ತಡೆದೀತೆಂದು ಮಧ್ಯಾಹ್ನದ ಬಸ್ಸಿಗೇ ಕಾದು ಹತ್ತಿದ. ರಸ್ತೆ ಗಟ್ಟಿ ನಿಂತಿತ್ತು. ಹಳ್ಳಕ್ಕೆ ಬಂದಾಗ ಬಾಬಾಸಾಬ ಬ್ರೇಕು ಹಾಕಿದ. ಕಲ್ಲುಹಾಸಿನ ಮೇಲೆ ರಾಡಿ ನೀರು ಹರಿಯುತ್ತಿತ್ತು.

"ಅಂಚು ಕಾಣವಲ್ದು ಕಾಕಾ. ಗಾಲಿ ಜಾರಿದ್ರ ಬಸ್ಸ ಹಳ್ಳದ ಪಾಲು. ಇಷ್ಟ ಮಂದಿ ಜೀವಾ ಐತಿ. ನಾ ಒಯ್ಯೂದಿಲ್ಲ, ಇಳಿಯೂತನಕ ಕಾಯೂಣು."

ಕಾಯುವುದು! ಈರಬಸಪ್ಪ ಆ ದಂಡೆಯಲ್ಲಿ ಒಮ್ಮೆ ಕಾದು ಕೆಟ್ಟವನು. ಆದರೂ ಬಾಬಾಸಾಬ ಹೇಳಿದ್ದು ಸುಳ್ಳಲ್ಲ ಎಂದು ಕಾದ. ಒಂದು ತಾಸಾಯಿತು. ಹೊತ್ತು ವಾಲಿತು. ನೀರು ಮೊಣಕಾಲ ಕೆಳಗಿಳಿಯಿತು, ಅಂಚು ಮಾತ್ರ ಕಾಣಲಿಲ್ಲ. ಅವನು ಧೋತರ ಎತ್ತಿ ಕಟ್ಟಿ, ಸೀರೆಯ ಗಂಟು ತಲೆಯ ಮೇಲಿಟ್ಟುಕೊಂಡು ಇಳಿದ.

"ಕಲ್ಲ ಹಾಸಿದಾವ ನಾನು. ಮಂದಿನ ಇಳಸು. ನಾ ಅಂಚ ಹಿಡದ ನಡೀತೇನಿ, ನೀ ನನ್ನ ಬೆನ್ನ ನೋಡಿ ಬಾ."

ಬಾಬಾಸಾಬ ಅವನ ಮುಖ ನೋಡಿದ, ನೀರು ನೋಡಿದ. ಮಂದಿಯನ್ನು ಇಳಿಸಿದ, ಗೇರು ಹಾಕಿದ. ಈರಬಸಪ್ಪನ ಪಾದಗಳು ನೀರೊಳಗೆ ಒಂದೊಂದೇ ಕಲ್ಲನ್ನು ಗುರುತು ಹಿಡಿದವು. ಹಿಂದೆ ಖಾಲಿ ಬಸ್ಸು ಎತ್ತಿನ ಹಾಗೆ ನಿಧಾನ ಬಂತು. ಅದರ ಹಿಂದೆ ಮಂದಿ ಕೈ ಕೈ ಹಿಡಿದು ದಾಟಿದರು.

ಬಸ್ಸು ಕಣಕ್ಕೆ ಬಂದಾಗ ಮೋಡದ ಸಂದಿಯಲ್ಲಿ ಇನ್ನೂ ಹೊತ್ತು ಇತ್ತು. ಬೇವಿನ ಕೆಳಗೆ, ಮಹಾದೇವಕ್ಕನ ಮಗ್ಗುಲಿಗೆ, ಕುಣಿ ತೋಡಿ ಮುಗಿದಿತ್ತು. ಪಡಸಾಲೆಯಲ್ಲಿ ರೇವವ್ವನನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು, ಹಣೆಯ ತುಂಬ ವಿಭೂತಿ. ಎತ್ತುವ ಹೊತ್ತಾಯಿತೆಂದು ಹಿರಿಯರು ಗೊಣಗುತ್ತಿದ್ದರು. ಮೊಣಕಾಲತನಕ ರಾಡಿಯಾದ ಈರಬಸಪ್ಪ ಹೊಸ್ತಿಲ ಹೊರಗೇ ನಿಂತ. ಒಳಗೆ ಹೋಗಲು ತಾನು ಯಾರು ಎಂದು ಒಂದು ಗಳಿಗೆ ಅವನಿಗೇ ತಿಳಿಯಲಿಲ್ಲ.

ಶಂಕ್ರಪ್ಪ ಎದ್ದು ನಿಂತು, ಕೂತವರಿಗೆಲ್ಲ ಕೇಳುವ ಹಾಗೆ ಕೂಗಿದ:

"ಹಾದಿ ಬಿಡ್ರಿ. ನಮ್ಮವ್ವನ ತವರಿನವರು ಬಂದ್ರು."

ಮಂದಿ ಸರಿದರು. ಈರಬಸಪ್ಪ ಮಡಿಕೆ ಬಿಚ್ಚಿ ಹಸಿರು ಸೀರೆಯನ್ನು ಮುದುಕಿಯ ಹೆಗಲಿಗೆ ಹೊದಿಸಿದ. ಬಣ್ಣದ ಮಾತು ಯಾರೂ ಆಡಲಿಲ್ಲ. ಆಮೇಲೆ ಅವನು ಆ ಪಾದಗಳ ಬಳಿ ಕೂತು, ತಂಗಿ ಸತ್ತ ದಿನ ಅಳದೆ ಉಳಿದದ್ದನ್ನೂ ಸೇರಿಸಿ, ಎಲ್ಲರೆದುರು ಅತ್ತ.